ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸನ್ನು ವರ್ಚುವಲ್ ಮೆಷಿನ್ನಿನಲ್ಲಿ ಓಡಿಸಬಹುದೇ?

ಪ್ರಶ್ನೆ: ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಉಂಟು. ಮದುವೆ ಕಾಗದ, ಬಿಲ್ ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಆಮಂತ್ರಣ, ಇಂಥ ಕೆಲಸ. ಈಚೆಗೆ ತೆಗೆದುಕೊಂಡ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಹೋಮ್ ಮೊದಲೇ ಹಾಕಿ ಬಂದಿದೆ. ಎಂಜಿನಿಯರಿಂಗ್ ಓದುವ ಮಗ, "ಅಪ್ಪ, ಇದಕ್ಕೆ ಲಿನಕ್ಸ್ ಹಾಕುವ, ವಿಂಡೋಸನ್ನು ವರ್ಚುವಲ್‌ಬಾಕ್ಸಿನ ಒಳಗೆ ಓಡಿಸುವ, ಅದೇ ಕೀ ಸಾಕು" ಎನ್ನುತ್ತಾನೆ. ಇನ್ನೊಂದು, ಕೌಂಟರಿನಲ್ಲಿ ವಿಂಡೋಸ್ 7ರ ಹಳೆಯ ಬ್ರಾಂಡೆಡ್ ಡೆಸ್ಕ್‌ಟಾಪ್ ಉಂಟು. ಪೇಜ್‌ಮೇಕರ್, ನುಡಿ, ಇಷ್ಟು ವರ್ಷದ ಫೈಲುಗಳೆಲ್ಲ ಅದರಲ್ಲೇ. ಅದರ ಹಾರ್ಡ್‌ಡಿಸ್ಕನ್ನು ಇಡಿಯಾಗಿ ಒಂದು ಫೈಲು ಮಾಡಿ ಲ್ಯಾಪ್‌ಟಾಪಿನಲ್ಲಿ ಓಡಿಸಬಹುದಂತೆ. ಎರಡಕ್ಕೂ ದುಡ್ಡು ಕೊಟ್ಟವರು ನಾವೇ. ಹಾಗಿದ್ದೂ ಲೈಸೆನ್ಸಿನ ತಕರಾರು ಬರುತ್ತದಾ? ಟ್ಯಾಲಿಯೂ ಆ ವರ್ಚುವಲ್ ಮೆಷಿನ್ನಿಗೇ ಹೋಗಬೇಕು.

ಉತ್ತರ: ವರ್ಚುವಲ್ ಮೆಷಿನ್ ಎಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರು; ವರ್ಚುವಲ್‌ಬಾಕ್ಸ್ ಅದನ್ನು ಕಟ್ಟಿಕೊಡುವ ತಂತ್ರಾಂಶ. ಲಿನಕ್ಸ್ ಎಂದರೆ ವಿಂಡೋಸಿನ ಜಾಗದಲ್ಲಿ ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ನಿಮ್ಮ ಎರಡು ಮೆಷಿನ್ನುಗಳಿಗೆ ಉತ್ತರ ಬೇರೆ ಬೇರೆ. ಲ್ಯಾಪ್‌ಟಾಪಿನ ವಿಂಡೋಸನ್ನು ಅದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಒಂದು ಪ್ರತಿಯಾಗಿ ವರ್ಚುವಲ್ ಮೆಷಿನ್ನಿನಲ್ಲಿ ಓಡಿಸಲು ದಾರಿ ಉಂಟು, ಅದರಲ್ಲೊಂದು ತೊಡಕೂ ಉಂಟು. ಹಳೆಯ ಡೆಸ್ಕ್‌ಟಾಪಿನ ವಿಂಡೋಸ್ 7 ಅನ್ನು ಲ್ಯಾಪ್‌ಟಾಪಿಗೆ ತಂದು ಓಡಿಸುವುದಕ್ಕೆ ದಾರಿ ಇಲ್ಲ. ದುಡ್ಡು ಕೊಟ್ಟದ್ದು ಯಾರು ಎಂಬುದರ ಮೇಲೆ ಇದು ನಿಂತಿಲ್ಲ.

ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಜೊತೆ ಬರುವ ವಿಂಡೋಸನ್ನು ನಮ್ಮ ವೃತ್ತಿಯವರು ಒಇಎಂ ಪ್ರತಿ ಎನ್ನುತ್ತೇವೆ. ಪೆಟ್ಟಿಗೆಯಲ್ಲೋ ಆನ್‌ಲೈನಿನಲ್ಲೋ ಪ್ರತ್ಯೇಕವಾಗಿ ಕೊಳ್ಳುವುದು ರೀಟೇಲ್ ಪ್ರತಿ. ಸ್ಕ್ರೀನಿನ ಮೇಲೆ ಎರಡರಲ್ಲೂ ಕೂದಲೆಳೆಯ ವ್ಯತ್ಯಾಸ ಕಾಣದು. ವ್ಯತ್ಯಾಸ ಇರುವುದೆಲ್ಲ ಕರಾರಿನಲ್ಲಿ. ಒಇಎಂ ಕರಾರಿನ ಪ್ರಕಾರ ಆ ಲೈಸೆನ್ಸು ನೀವು ಕೊಂಡ ಆ ಸಾಧನಕ್ಕೆ ಶಾಶ್ವತವಾಗಿ ಕಟ್ಟಿಹಾಕಿದ್ದು. ಬೇರೆಯವರಿಗೆ ದಾಟಿಸಬಹುದು, ಆದರೆ ಲ್ಯಾಪ್‌ಟಾಪಿನ ಸಮೇತ. ರೀಟೇಲ್ ಪ್ರತಿಯಾದರೆ ಹಳೆಯ ಮೆಷಿನ್ನಿನಿಂದ ತೆಗೆದು ನಿಮ್ಮದೇ ಇನ್ನೊಂದು ಮೆಷಿನ್ನಿಗೆ ಹಾಕಿಕೊಳ್ಳಲು ಅಡ್ಡಿಯಿಲ್ಲ. ಮೆಸ್ಕಾಂನ ಆರ್‌ಆರ್ ನಂಬರು ಹೇಗೋ ಹಾಗೆ ಒಇಎಂ ಲೈಸೆನ್ಸು: ಮನೆ ಮಾರಿದರೆ ಮನೆಯ ಜೊತೆಗೇ ಹೋಗುತ್ತದೆ, ಮನೆ ಕೆಡವಿದರೆ ಮೀಟರು ಬಿಚ್ಚಿ ಹೊಸ ಮನೆಗೆ ಸಿಕ್ಕಿಸಲು ಬರುವುದಿಲ್ಲ.

ನಿಮ್ಮದು ಯಾವುದು ಎಂದು ನೋಡಲು ಅಂಗಡಿಯವರನ್ನು ಕೇಳಬೇಕಾಗಿಲ್ಲ. ಕೀಬೋರ್ಡಿನ ವಿಂಡೋಸ್ ಗುಂಡಿಯನ್ನೂ ಆರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಎಸ್‌ಎಲ್‌ಎಂಜಿಆರ್ ಎಂಬ ಐದು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ ಡಿಎಲ್‌ಐ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎರಡು ಕ್ಷಣ ಏನೂ ಆಗುವುದಿಲ್ಲ, ಗಾಬರಿಯಾಗಬೇಡಿ. ಆಮೇಲೆ ಸಣ್ಣದೊಂದು ಪೆಟ್ಟಿಗೆ ಬರುತ್ತದೆ. ಅದರ ಎರಡನೆಯ ಸಾಲಿನ ಕೊನೆಗೆ ಯಾವ ಚಾನೆಲ್ ಎಂದು ಬರೆದಿರುತ್ತದೆ. 'ಒಇಎಂ ಡಿಎಂ' ಎಂದಿದ್ದರೆ ಕಾರ್ಖಾನೆಯಲ್ಲಿ ಹಾಕಿದ್ದು. 'ರೀಟೇಲ್' ಎಂದಿದ್ದರೆ ಬಿಡಿ ಪ್ರತಿ. 'ವಾಲ್ಯೂಮ್' (ಸಂಸ್ಥೆಗಳು ಒಟ್ಟಾಗಿ ಕೊಳ್ಳುವ ಲೈಸೆನ್ಸು) ಎಂದಿದ್ದು ನಿಮ್ಮ ಪ್ರೆಸ್ಸಿಗೆ ಮೈಕ್ರೋಸಾಫ್ಟ್ ಕಂಪೆನಿಯೊಡನೆ ಅಂಥ ಒಪ್ಪಂದವೇ ಇಲ್ಲದಿದ್ದರೆ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಎಂದರ್ಥ.

ಮಗ ಹೇಳುವ ಕೀ, ಅಂದರೆ ಲೈಸೆನ್ಸಿನ ಗುರುತಿನ ಅಕ್ಷರಗಳು, ಎಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತಿರಬಹುದು. ವಿಂಡೋಸ್ 8 ಬಂದ 2012ರಿಂದ ಈಚೆಗೆ ದೊಡ್ಡ ತಯಾರಕರು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ (ಬೋರ್ಡಿನ ಚಿಪ್ಪಿನೊಳಗೇ ಇರುವ ಮೂಲ ತಂತ್ರಾಂಶ), ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿ ಬರೆದಿಡುತ್ತಾರೆ. ಲಿನಕ್ಸ್ ಹಾಕಿದ ಮೇಲೂ ಅದು ಅಳಿಯುವುದಿಲ್ಲ. ಲಿನಕ್ಸಿನ ಸಿಸ್ಟಮ್ ಫೋಲ್ಡರಿನಲ್ಲಿ ಫರ್ಮ್‌ವೇರಿನ ಕೋಷ್ಟಕಗಳ ನಡುವೆ ಆ ಹೆಸರಿನ ಫೈಲನ್ನು ತೆರೆದರೆ, ಕೊನೆಯಲ್ಲಿ ಐದೈದರ ಐದು ಗುಂಪಿನಲ್ಲಿ 25 ಅಕ್ಷರ ಕಾಣುತ್ತವೆ. ವಿಂಡೋಸ್ 7ರ ಕಾಲದ್ದು ಇನ್ನೊಂದು ಕಥೆ. ಆಗ ಬಯಾಸಿನಲ್ಲಿ, ಅಂದರೆ ಆ ಕಾಲದ ಫರ್ಮ್‌ವೇರಿನಲ್ಲಿ, ತಯಾರಕರ ಗುರುತು ಮಾತ್ರ ಇರುತ್ತಿತ್ತು. ಒಂದೇ ಮಾದರಿಯ ಸಾವಿರಾರು ಮೆಷಿನ್ನುಗಳಿಗೆ ಒಂದೇ ಕೀ ಹಾಕಿ ಕಳಿಸುತ್ತಿದ್ದರು. ಡಬ್ಬದ ಬದಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಬೇರೆಯೇ ಕೀ. ನಮ್ಮ ಮಳೆಗಾಲದ ಥಂಡಿಗೂ ಕೌಂಟರಿನಲ್ಲಿ ಕೈ ತಾಗಿ ತಾಗಿಯೂ ಆ ಸ್ಟಿಕ್ಕರಿನ ಅಕ್ಷರ ಹೆಚ್ಚಿನ ಕಡೆ ಮಾಸಿಹೋಗಿದೆ. ನಿಮ್ಮದರಲ್ಲಿ ಓದಲು ಬರುತ್ತಿದ್ದರೆ ಈಗಲೇ ಒಂದು ಫೋಟೋ ತೆಗೆದಿಡಿ.

ಮೊದಲು ಲ್ಯಾಪ್‌ಟಾಪಿನ ವಿಷಯ. ವಿಂಡೋಸ್ 10 ಮತ್ತು 11ರ ಕರಾರಿನಲ್ಲಿ ವರ್ಚುವಲ್ ಪರಿಸರದ ಬಗ್ಗೆಯೇ ಒಂದು ಕಲಮು ಉಂಟು. ಅದರ ಸಾರ ಇಷ್ಟು: ಈ ಲೈಸೆನ್ಸಿನಲ್ಲಿ ಒಂದು ಸಾಧನದಲ್ಲಿ ಬಳಸಲು ಒಂದು ಪ್ರತಿಯನ್ನು ಮಾತ್ರ ಹಾಕಿಕೊಳ್ಳಬಹುದು, ಸಾಧನ ಭೌತಿಕವಾದರೂ ಸರಿ, ವರ್ಚುವಲ್ ಆದರೂ ಸರಿ, ಒಂದಕ್ಕಿಂತ ಹೆಚ್ಚು ವರ್ಚುವಲ್ ಸಾಧನ ಬೇಕಾದರೆ ಪ್ರತಿಯೊಂದಕ್ಕೂ ಬೇರೆ ಲೈಸೆನ್ಸು. 'ಸಾಧನ' ಎಂಬುದಕ್ಕೆ ಕೊಟ್ಟ ವಿವರಣೆಯಲ್ಲೂ ವರ್ಚುವಲ್ ಹಾರ್ಡ್‌ವೇರನ್ನು ಸೇರಿಸಿದ್ದಾರೆ. ಹಾಗಾಗಿ ಲಿನಕ್ಸ್ ಕೆಳಗೆ, ವಿಂಡೋಸ್ ಒಳಗೆ, ಬೇರೆಲ್ಲೂ ಇನ್ನೊಂದು ವಿಂಡೋಸ್ ಇಲ್ಲ ಎಂದಾದರೆ ಎಣಿಕೆ ಒಂದೇ. ಮಗ ಹೇಳುವುದು ಈ ಕಲಮಿಗೆ ಹೊಂದುತ್ತದೆ.

ತೊಡಕು ಇರುವುದು ಪಕ್ಕದ ಕಲಮಿನಲ್ಲಿ. ಲೈಸೆನ್ಸು ಯಾವ ಸಾಧನದ ಜೊತೆ ಬಂತೋ ಅದಕ್ಕೇ ಶಾಶ್ವತ ಎಂದೂ ಅದೇ ಕರಾರು ಹೇಳುತ್ತದಲ್ಲ? ಬಿಗಿಯಾಗಿ ಓದಿದರೆ, ನೀವು ಕೊಂಡದ್ದು ಲ್ಯಾಪ್‌ಟಾಪ್ ಎಂಬ ಸಾಧನ, ವರ್ಚುವಲ್‌ಬಾಕ್ಸಿನೊಳಗೆ ಹುಟ್ಟಿದ್ದು ಇನ್ನೊಂದು ಸಾಧನ, ಆದ್ದರಿಂದ ಲೈಸೆನ್ಸು ಅಲ್ಲಿಗೆ ಹೋಗದು ಎಂದು ವಾದಿಸಬಹುದು. ಸಡಿಲಾಗಿ ಓದಿದರೆ, ವರ್ಚುವಲ್ ಮೆಷಿನ್ ಆ ಲ್ಯಾಪ್‌ಟಾಪಿನೊಳಗೇ ಇರುವುದರಿಂದ ಲೈಸೆನ್ಸು ಮನೆ ಬಿಟ್ಟು ಹೊರಗೆ ಹೋಗಿಲ್ಲ. ವಿಂಡೋಸ್ 7ರ ಕರಾರು ಈ ಒಂದು ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿತ್ತು: ನೇರವಾಗಿ ಬಳಸುವ ಬದಲು, ಅದೇ ಕಂಪ್ಯೂಟರಿನಲ್ಲಿ ಒಂದೇ ಒಂದು ವರ್ಚುವಲ್ ಹಾರ್ಡ್‌ವೇರಿನೊಳಗೆ ಹಾಕಿಕೊಳ್ಳಬಹುದು ಎಂದು ಬರೆದೇಬಿಟ್ಟಿದ್ದರು. ಅದಕ್ಕೂ ಹಿಂದೆ 2007ರ ವಿಸ್ಟಾದಲ್ಲಿ ಹೋಮ್ ಆವೃತ್ತಿಗಳನ್ನು ವರ್ಚುವಲ್ ಮೆಷಿನ್ನಿನಲ್ಲಿ ಹಾಕುವುದೇ ನಿಷೇಧ; ಟೀಕೆ ಬಂದ ಮೇಲೆ 2008ರ ಜನವರಿಯಲ್ಲಿ ಅದನ್ನು ತೆಗೆದರು. ಇಂಟರ್‌ನೆಟ್ಟಿನಲ್ಲಿ ಈಗಲೂ "ಹೋಮ್ ಆವೃತ್ತಿ ವರ್ಚುವಲ್ ಮೆಷಿನ್ನಿಗೆ ಆಗುವುದಿಲ್ಲ" ಎಂದು ಓದುತ್ತೀರಾದರೆ ಅದು ಆ ಕಾಲದ ಪಳೆಯುಳಿಕೆ. ಹಾಗೆಯೇ "ಹೋಮ್ ವಿಂಡೋಸನ್ನು ವ್ಯಾಪಾರಕ್ಕೆ ಬಳಸಬಾರದು" ಎಂಬುದೂ ಸುಳ್ಳು. ಅಂಥ ನಿರ್ಬಂಧ ಲ್ಯಾಪ್‌ಟಾಪಿನ ಜೊತೆ ಬರುತ್ತಿದ್ದ ಆಫೀಸ್ ಹೋಮ್ ಆಂಡ್ ಸ್ಟೂಡೆಂಟ್ 2021ಕ್ಕೆ ಉಂಟು, ವಿಂಡೋಸಿಗಲ್ಲ. ಪ್ರೆಸ್ಸಿನ ಕೊಟೇಶನ್ನುಗಳನ್ನು ಅದರಲ್ಲಿ ಬರೆಯುತ್ತಿದ್ದರೆ ಆ ಕಡೆ ಸ್ವಲ್ಪ ಗಮನ ಕೊಡಿ.

ನನ್ನ ಅಭಿಪ್ರಾಯ ಕೇಳಿದರೆ: ಒಂದೇ ಲ್ಯಾಪ್‌ಟಾಪ್, ಒಂದೇ ಪ್ರತಿ, ಅದೇ ಕೀ ಎಂದಾದರೆ ಸಡಿಲ ಓದು ಪ್ರಾಮಾಣಿಕವಾದದ್ದೇ. ಮನೆಯ ಬಳಕೆಗೆ ನಾನು ಅದನ್ನು ಒಪ್ಪುತ್ತೇನೆ. ಆದರೆ ನಿಮ್ಮದು ವ್ಯಾಪಾರದ ಸಂಸ್ಥೆ. ನಾಳೆ ಯಾರಾದರೂ ಲೆಕ್ಕ ಕೇಳಿದರೆ ಎರಡು ಅರ್ಥ ಬರುವ ಕಲಮನ್ನು ಹಿಡಿದುಕೊಂಡು ವಾದ ಮಾಡುವುದಕ್ಕಿಂತ, ಒಂದು ರೀಟೇಲ್ ವಿಂಡೋಸ್ 11 ಕೊಂಡು ಅದನ್ನು ವರ್ಚುವಲ್ ಮೆಷಿನ್ನಿಗೆ ಹಾಕುವುದು ನಿರುಂಬಳ. ಆ ಪ್ರತಿ ಮುಂದೆ ಈ ಲ್ಯಾಪ್‌ಟಾಪ್ ಹಾಳಾದಾಗಲೂ ನಿಮ್ಮ ಜೊತೆಗೇ ಬರುತ್ತದೆ. ವರ್ಚುವಲ್ ಮೆಷಿನ್ನಿನ ಮುಖ್ಯ ಸುಖವೇ ಫೋಲ್ಡರನ್ನು ಎತ್ತಿ ಇನ್ನೊಂದು ಕಂಪ್ಯೂಟರಿಗೆ ಇಡುವುದು. ಒಇಎಂ ಪ್ರತಿ ಹಾಕಿದರೆ ಅದೇ ಸುಖಕ್ಕೆ ಕಲ್ಲು.

ಯಾವ ಓದಿನಲ್ಲೂ ಸರಿಯಾಗದ್ದು ಒಂದುಂಟು, ಮತ್ತು ಹೆಚ್ಚಿನವರು ಜಾರುವುದು ಅಲ್ಲಿಯೇ. ಲಿನಕ್ಸ್ ಹಾಕುವಾಗ "ಇರಲಿ, ಯಾವಾಗಲಾದರೂ ಬೇಕಾದೀತು" ಎಂದು ಮೂಲ ವಿಂಡೋಸನ್ನೂ ಡಿಸ್ಕಿನ ಒಂದು ಭಾಗದಲ್ಲಿ ಉಳಿಸಿಕೊಳ್ಳುತ್ತಾರೆ. ಬೂಟ್ ಆಗುವಾಗ ಯಾವುದು ಬೇಕೋ ಅದನ್ನು ಆರಿಸುವುದು. ಅದರ ಜೊತೆಗೆ ವರ್ಚುವಲ್ ಮೆಷಿನ್ನಿನಲ್ಲಿ ಅದೇ ಕೀ ಹಾಕಿ ಇನ್ನೊಂದು. ಎರಡನ್ನೂ ಒಂದೇ ಹೊತ್ತಿಗೆ ಓಡಿಸುವುದಿಲ್ಲವಲ್ಲ ಎಂಬುದು ಸಮರ್ಥನೆ. ಕರಾರು ಎಣಿಸುವುದು ಓಡುತ್ತಿರುವುದನ್ನಲ್ಲ, ಹಾಕಿಟ್ಟದ್ದನ್ನು. ಅಲ್ಲಿಗೆ ಪ್ರತಿ ಎರಡಾಯಿತು. ವಿಂಡೋಸಿನ ಒಳಗೇ ಅದೇ ಕೀಯಲ್ಲಿ ಇನ್ನೊಂದು ವಿಂಡೋಸ್ ಹಾಕುವುದಕ್ಕೂ ಇದೇ ಉತ್ತರ. ಪ್ರೊ ಆವೃತ್ತಿಯಲ್ಲಿ ವರ್ಚುವಲ್ ಮೆಷಿನ್ ಕಟ್ಟುವ ಹೈಪರ್-ವಿ ಉಂಟಲ್ಲ ಎಂದು ಕೆಲವರು ಕೇಳುತ್ತಾರೆ. ಉಂಟು, ಒಲೆ ಕೊಟ್ಟಿದ್ದಾರೆ, ಅಕ್ಕಿ ಕೊಟ್ಟಿಲ್ಲ. ಒಳಗೆ ಹಾಕುವ ವಿಂಡೋಸಿಗೆ ಲೈಸೆನ್ಸು ಬೇರೆ.

ಹಾಗಾದರೆ ಆಕ್ಟಿವೇಟ್ ಆಯಿತಲ್ಲ, ಅಂದರೆ ಮೈಕ್ರೋಸಾಫ್ಟಿನ ಸರ್ವರು ಕೀಯನ್ನು ಒಪ್ಪಿತಲ್ಲ, ಎನ್ನುತ್ತೀರಿ. ಆಕ್ಟಿವೇಶನ್ ಸರ್ವರು ಕೀಯನ್ನೂ ಹಾರ್ಡ್‌ವೇರಿನ ಚಹರೆಯನ್ನೂ ನೋಡಿ ಹೌದು ಅಥವಾ ಅಲ್ಲ ಎನ್ನುತ್ತದೆ. ನಿಮ್ಮ ಬಿಲ್ಲನ್ನಾಗಲೀ ಕರಾರನ್ನಾಗಲೀ ಅದು ಓದುವುದಿಲ್ಲ. ವರ್ಚುವಲ್ ಮೆಷಿನ್ನಿನ ಚಹರೆ ಲ್ಯಾಪ್‌ಟಾಪಿನದಕ್ಕಿಂತ ಬೇರೆ ಇರುವುದರಿಂದ ಹಕ್ಕಿದ್ದ ಪ್ರತಿಯೂ ಕೆಲವೊಮ್ಮೆ ಹಠ ಹಿಡಿಯುತ್ತದೆ, ಹಕ್ಕಿಲ್ಲದ್ದು ಸಲೀಸಾಗಿ ಆಕ್ಟಿವೇಟ್ ಆಗಿಬಿಡುತ್ತದೆ. ಕೆಲವು ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ಕೀಗಳ ಗುಟ್ಟೂ ಇದೇ. ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಯೋ, ಗುಜರಿಗೆ ಹೋದ ಕಂಪ್ಯೂಟರಿನ ಒಇಎಂ ಕೀಯೋ ಆಗಿರುತ್ತದೆ. ಸ್ಕ್ರೀನಿನಲ್ಲಿ ಹಸಿರು ಗುರುತು ಬರುತ್ತದೆ, ಕೈಯಲ್ಲಿ ಲೈಸೆನ್ಸು ಇರುವುದಿಲ್ಲ.

ಈಗ ಕೌಂಟರಿನ ಡೆಸ್ಕ್‌ಟಾಪ್. ಮಗ ಹೇಳಿದ ಕೆಲಸಕ್ಕೆ ಡಿಸ್ಕ್‌2ವಿಎಚ್‌ಡಿ ಎಂಬ ಪುಟ್ಟ ಉಪಕರಣ ಉಂಟು, ಮೈಕ್ರೋಸಾಫ್ಟಿನದೇ ಸಿಸ್‌ಇಂಟರ್ನಲ್ಸ್ ಸಂಗ್ರಹದ್ದು. ಓಡುತ್ತಿರುವ ಮೆಷಿನ್ನಿನ ಡಿಸ್ಕನ್ನು ಇಡಿಯಾಗಿ ಒಂದು ಫೈಲಿಗೆ ಇಳಿಸಿಕೊಡುತ್ತದೆ. ಅದರ ವಿವರಣೆಯಲ್ಲಿಯೇ ಎಚ್ಚರಿಕೆ ಬರೆದಿದ್ದಾರೆ: ತಯಾರಕರು ಹಾಕಿಕೊಟ್ಟ ಒಇಎಂ ಎಕ್ಸ್‌ಪಿ, ವಿಸ್ಟಾ, ವಿಂಡೋಸ್ 7 ಪ್ರತಿಗಳನ್ನು ಹೀಗೆ ವರ್ಚುವಲ್ ಡಿಸ್ಕಿಗೆ ವರ್ಗಾಯಿಸಲು ಲೈಸೆನ್ಸು ಒಪ್ಪುವುದಿಲ್ಲ. ನಿಮ್ಮ ವಿಂಡೋಸ್ 7ರ ಕರಾರು ವರ್ಚುವಲ್ ಮೆಷಿನ್ನಿಗೆ ಜಾಗ ಕೊಟ್ಟಿದ್ದೂ "ಅದೇ ಕಂಪ್ಯೂಟರಿನಲ್ಲಿ" ಎಂಬ ಷರತ್ತಿನ ಮೇಲೆ. ಹೊಸ ಲ್ಯಾಪ್‌ಟಾಪಿಗೆ ಬಂದ ಕೂಡಲೇ ಆ ಷರತ್ತು ಮುರಿಯಿತು. ಹಳೆಯದನ್ನು ಬಿಚ್ಚಿ ಅಟ್ಟದ ಮೇಲಿಟ್ಟರೂ, ಗುಜರಿಗೆ ಹಾಕಿದರೂ ಲೈಸೆನ್ಸು ಬಿಡುಗಡೆಯಾಗಿ ನಿಮ್ಮ ಕೈಗೆ ಬರುವುದಿಲ್ಲ. ಮದರ್‌ಬೋರ್ಡ್ ಕೆಟ್ಟು ತಯಾರಕರು ಬದಲಿಸಿಕೊಟ್ಟರೆ ಲೈಸೆನ್ಸು ಉಳಿಯುತ್ತದೆ, ನೀವಾಗಿಯೇ ಹೊಸ ಮಾದರಿಯ ಬೋರ್ಡ್ ಹಾಕಿದರೆ ಅದು ಹೊಸ ಕಂಪ್ಯೂಟರು ಎಂದು ಲೆಕ್ಕ.

ತಾಂತ್ರಿಕವಾಗಿಯೂ ಆ ಫೈಲು ಲ್ಯಾಪ್‌ಟಾಪಿನಲ್ಲಿ ನೆಟ್ಟಗೆ ನಿಲ್ಲುವುದು ಕಷ್ಟ. ಬಯಾಸಿನಲ್ಲಿದ್ದ ತಯಾರಕರ ಗುರುತು ವರ್ಚುವಲ್‌ಬಾಕ್ಸಿನಲ್ಲಿ ಇಲ್ಲ, ಹಾಗಾಗಿ ವಿಂಡೋಸ್ 7 ತಾನು ಅಸಲಿಯಲ್ಲ ಎಂದು ಗೊಣಗಲು ಶುರುಮಾಡುತ್ತದೆ. ಆಗ ಯಾರಾದರೂ ಒಂದು 'ಲೋಡರ್' ತಂದುಕೊಡುತ್ತಾರೆ. ಆ ಗುರುತನ್ನು ನಕಲಿ ಮಾಡುವುದೇ ಅದರ ಕೆಲಸ. ಅಲ್ಲಿಂದ ಮುಂದೆ ಎರಡು ಅರ್ಥದ ಮಾತಿಲ್ಲ, ಶುದ್ಧ ಕಳ್ಳತನವೇ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂದರೆ, ಕೃತಿಸ್ವಾಮ್ಯ ಕಾಯ್ದೆ 1957ರ 52(1)(ಎಎ) ಕಲಮು ಸಾಫ್ಟ್‌ವೇರಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರಿಗೆ ಎರಡು ರಿಯಾಯಿತಿ ಕೊಟ್ಟಿದೆ. ಯಾವ ಉದ್ದೇಶಕ್ಕೆ ಕೊಟ್ಟದ್ದೋ ಅದಕ್ಕೆ ಬಳಸಲು ಪ್ರತಿ ಮಾಡಿಕೊಳ್ಳಬಹುದು. ನಷ್ಟ, ನಾಶ, ಹಾನಿಯಿಂದ ರಕ್ಷಣೆಗೆ ತಾತ್ಕಾಲಿಕವಾಗಿ ಬ್ಯಾಕಪ್ ಇಟ್ಟುಕೊಳ್ಳಬಹುದು. ಬ್ಯಾಕಪ್ಪನ್ನು ಇನ್ನೊಂದು ಕಂಪ್ಯೂಟರಿನಲ್ಲಿ ದುಡಿಸಿಕೊಳ್ಳುವುದು ಇದರಲ್ಲಿ ಸೇರುವುದಿಲ್ಲ. 63ಬಿ ಕಲಮು ಕಳ್ಳ ಪ್ರತಿಯೆಂದು ಗೊತ್ತಿದ್ದೂ ಬಳಸುವವರಿಗೆ: ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲ ಎಂದಾದರೆ ಸೆರೆ ಬಿಟ್ಟು 50,000ದವರೆಗಿನ ದಂಡದಲ್ಲಿ ಮುಗಿಸುವ ಅಧಿಕಾರ ಕೋರ್ಟಿಗೆ ಉಂಟು. ಪ್ರೆಸ್ಸು ವ್ಯಾಪಾರವೇ ಆದ್ದರಿಂದ ಆ ರಿಯಾಯಿತಿ ನಿಮಗೆ ಸಿಗುವ ಹಾಗಿಲ್ಲ. ಹೆದರಿಸಲು ಬರೆದದ್ದಲ್ಲ ಇದು. ಕರಾರಿನ ಎರಡು ಅರ್ಥದ ಕಲಮನ್ನು ಸಡಿಲಾಗಿ ಓದಿದವರನ್ನು ಇಲ್ಲಿಗೆ ಎಳೆಯುವುದು ದೂರದ ಮಾತು, ಲೋಡರ್ ಹಾಕಿದವರ ವಿಷಯ ಹಾಗಲ್ಲ.

"ದುಡ್ಡು ಕೊಟ್ಟವರು ನಾವೇ" ಎಂದಿರಲ್ಲ, ಅದಕ್ಕೂ ಒಂದು ಮಾತು. ಕರ್ನಾಟಕ ಹೈಕೋರ್ಟಿನಿಂದ ಮೇಲಕ್ಕೆ ಹೋಗಿದ್ದ ತೆರಿಗೆ ಮೊಕದ್ದಮೆಗಳ ಗುಚ್ಛವೊಂದರಲ್ಲಿ ಸುಪ್ರೀಂ ಕೋರ್ಟು 2021ರ ಮಾರ್ಚ್ 2ರಂದು ಇಂಥ ಕರಾರುಗಳನ್ನು ಪರಿಶೀಲಿಸಿತು. ಬಳಕೆದಾರನಿಗೆ ದಾಟುವುದು ಬಳಸುವ ಸೀಮಿತ ಹಕ್ಕು ಮಾತ್ರ, ಕೃತಿಸ್ವಾಮ್ಯದ ಯಾವ ಅಂಶವೂ ಅಲ್ಲ ಎಂಬುದು ಅಲ್ಲಿಯ ನಿಲುವು. ಇಂಟರ್‌ನೆಟ್ಟಿನಲ್ಲಿ "ಒಇಎಂ ಕೀಯನ್ನು ಬೇರೆ ಮೆಷಿನ್ನಿಗೆ ಹಾಕುವುದು ಪೂರ್ತಿ ಕಾನೂನುಬದ್ಧ" ಎಂದು ಗಟ್ಟಿಯಾಗಿ ಬರೆದ ಲೇಖನ ಸಿಕ್ಕರೆ ಬರೆದವರು ಯಾವ ದೇಶದವರೆಂದು ನೋಡಿ. ಜರ್ಮನಿಯ ಅತ್ಯುಚ್ಚ ಸಿವಿಲ್ ನ್ಯಾಯಾಲಯ 2000ದಲ್ಲಿ ಒಇಎಂ ಪ್ರತಿಯನ್ನು ಹಾರ್ಡ್‌ವೇರಿಲ್ಲದೆ ಮಾರುವುದನ್ನು ತಡೆಯಲಾಗದು ಎಂದು ತೀರ್ಪು ಕೊಟ್ಟಿತ್ತು. ಆ ತೀರ್ಪಿನ ಬಲ ಅಲ್ಲಿಗೆ.

ಹಾಗಾದರೆ ಹಳೆಯ ಫೈಲುಗಳ ಗತಿ? ಫೈಲುಗಳು ನಿಮ್ಮವು, ಅವುಗಳಿಗೆ ಯಾವ ಅಡ್ಡಿಯೂ ಇಲ್ಲ. ಡಿಸ್ಕಿನ ಪ್ರತಿಯನ್ನು ಬ್ಯಾಕಪ್ ಎಂದು ಇಟ್ಟುಕೊಳ್ಳಿ. ವರ್ಚುವಲ್ ಡಿಸ್ಕಿನ ಫೈಲನ್ನು ಲಿನಕ್ಸಿನಲ್ಲಿ ಬೂಟ್ ಮಾಡದೆ, ಪೆನ್‌ಡ್ರೈವ್ ತೆರೆದ ಹಾಗೆ ತೆರೆದು ಒಳಗಿನ ಪೇಜ್‌ಮೇಕರ್ ಕಡತಗಳನ್ನೂ ನುಡಿಯ ಕಡತಗಳನ್ನೂ ನಕಲಿಸಿಕೊಳ್ಳಬಹುದು. ಅಲ್ಲಿ ವಿಂಡೋಸ್ ಓಡುವುದೇ ಇಲ್ಲ, ಲೈಸೆನ್ಸಿನ ಪ್ರಶ್ನೆಯೂ ಬರುವುದಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಬರುವಲ್ಲಿ ಒಮ್ಮೆ ಕಣ್ಣಾಡಿಸಿ. ಹೊಸ ಕೆಲಸಗಳನ್ನೆಲ್ಲ ಯೂನಿಕೋಡಿನಲ್ಲೇ ಮಾಡುವುದಾದರೆ ಹಳೆಯ ಡೆಸ್ಕ್‌ಟಾಪನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ, ಹಿಂದಿನ ಗಿರಾಕಿ ಬಂದು "ಅದೇ ಬಿಲ್ ಬುಕ್ ಇನ್ನೊಮ್ಮೆ" ಎಂದಾಗ ಮಾತ್ರ ಹಚ್ಚುವುದಕ್ಕೆ ಇಟ್ಟುಕೊಳ್ಳಿ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಅದನ್ನು ನೆಟ್ಟಿಗೆ ಸಿಕ್ಕಿಸಿಡುವುದು ಲೈಸೆನ್ಸಿಗಿಂತ ದೊಡ್ಡ ಅಪಾಯ. ಪೇಜ್‌ಮೇಕರಿಗೂ ತನ್ನದೇ ಲೈಸೆನ್ಸು ಉಂಟೆಂಬುದು ನೆನಪಿರಲಿ. ಅದರ ಡಿಸ್ಕು, ಸೀರಿಯಲ್ ನಂಬರು ನಿಮ್ಮ ಹತ್ತಿರ ಇದ್ದರೆ ಹೊಸ ವರ್ಚುವಲ್ ಮೆಷಿನ್ನಿನಲ್ಲಿ ಹಾಕಿ ನೋಡಿ. ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಎಂಬ ಸೌಲಭ್ಯದಲ್ಲಿ ಹಾಕಿ ನೋಡುವುದೂ ಒಂದು ದಾರಿ, ಅದಕ್ಕೆ ವಿಂಡೋಸ್ ಲೈಸೆನ್ಸೇ ಬೇಡ.

ಇಷ್ಟು ಬರೆದ ಮೇಲೆ ಮಗನಿಗೆ ಬೇಸರವಾಗುವ ಒಂದು ಸಲಹೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಈ ಏರ್ಪಾಡು ಉಸಿರು ಕಟ್ಟುತ್ತದೆ. ವಿಂಡೋಸ್ 11 ಕೇಳುವುದೇ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಅದರ ಮೇಲೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು. ವರ್ಚುವಲ್‌ಬಾಕ್ಸಿನಲ್ಲಿ ಟಿಪಿಎಂ ಅನುಕರಣೆ 7.0 ಆವೃತ್ತಿಯಿಂದ ಸಿಗುತ್ತದೆ. ಪ್ರೆಸ್ಸಿನ ದಿನದ ಕೆಲಸವೆಲ್ಲ ವಿಂಡೋಸಿನಲ್ಲೇ ನಡೆಯುವುದಾದರೆ ಅದನ್ನು ಒಳಗೆ ಕೂರಿಸುವುದು ಯಾಕೆ? ತಿರುಗಿಸಿ. ವಿಂಡೋಸ್ ಇದ್ದ ಹಾಗೆ ಕೆಳಗೆ ಇರಲಿ, ಮಗನ ಲಿನಕ್ಸು ವರ್ಚುವಲ್ ಮೆಷಿನ್ನಿನಲ್ಲೋ, ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲೋ ಓಡಲಿ. ಡಬ್ಲ್ಯುಎಸ್‌ಎಲ್ ಹೋಮ್ ಆವೃತ್ತಿಯಲ್ಲೂ ಸಿಗುತ್ತದೆ. ಲಿನಕ್ಸಿನ ಪ್ರತಿಗಳನ್ನು ಯಾರೂ ಎಣಿಸುವುದಿಲ್ಲ. ಮೇಲೆ ಬರೆದ ಎರಡು ಓದಿನ ಜಗಳವೂ ಅಲ್ಲಿಗೆ ತಪ್ಪುತ್ತದೆ.

ಅವನಿಗೆ ಹೇಳಬೇಕಾದ ಇನ್ನೊಂದು ವಿಷಯ ವರ್ಚುವಲ್‌ಬಾಕ್ಸಿನದೇ ಲೈಸೆನ್ಸು. ಮೂಲ ತಂತ್ರಾಂಶ ಮುಕ್ತ, ಪ್ರೆಸ್ಸಿನಲ್ಲಿ ಧಾರಾಳ ಬಳಸಬಹುದು. ಆದರೆ ಜೊತೆಗೆ ಡೌನ್‌ಲೋಡ್ ಮಾಡುವ ಎಕ್ಸ್‌ಟೆನ್ಶನ್ ಪ್ಯಾಕ್ ಖಾಸಗಿ ಬಳಕೆಗೂ ಕಲಿಕೆಗೂ ಮಾತ್ರ ಉಚಿತ. ವ್ಯಾಪಾರದಲ್ಲಿ ಬಳಸಿದರೆ ಒರೇಕಲ್ ಕಂಪೆನಿಗೆ ದುಡ್ಡು ಕೊಡಬೇಕು. ಹಿಂದೆ ವೇಗದ ಯುಎಸ್‌ಬಿಗೆ ಆ ಪ್ಯಾಕ್ ಬೇಕಾಗುತ್ತಿತ್ತು, 7.0ರಿಂದ ಅದು ಮೂಲದಲ್ಲೇ ಸೇರಿದೆ. ಹಾಗಾಗಿ ನಿಮ್ಮ ಜಿಎಸ್‌ಟಿಯ ಡಿಜಿಟಲ್ ಸಹಿಯ ಟೋಕನ್ನನ್ನು ಒಳಗಿನ ವಿಂಡೋಸಿಗೆ ತಲುಪಿಸಲು ಪ್ಯಾಕ್ ಹಾಕಬೇಕಾಗಿಲ್ಲ. ವರ್ಚುವಲ್ ಮೆಷಿನ್ ಓಡಿಸಲು ಲಿನಕ್ಸಿನಲ್ಲೇ ಇರುವ ಕೆವಿಎಂ ಬಳಸಿದರೆ ಈ ರಗಳೆಯೇ ಇಲ್ಲ.

ಕೊನೆಗೆ ಟ್ಯಾಲಿ. ಅದರ ಲೈಸೆನ್ಸು ಕಂಪ್ಯೂಟರಿನ ಗುರುತಿಗೆ ಅಂಟಿಕೊಂಡಿರುತ್ತದೆ, ಆದರೆ ಬಿಡಿಸಿಕೊಳ್ಳಲು ದಾರಿ ಇಟ್ಟಿದ್ದಾರೆ. ಈಗಿನ ಮೆಷಿನ್ನಿನಲ್ಲಿ ಲೈಸೆನ್ಸನ್ನು ಸರೆಂಡರ್ ಮಾಡಿ, ವರ್ಚುವಲ್ ಮೆಷಿನ್ನಿನಲ್ಲಿ ಹೊಸದಾಗಿ ಆಕ್ಟಿವೇಟ್ ಮಾಡುವುದು. ಡಿಸ್ಕ್ ಫಾರ್ಮ್ಯಾಟ್ ಮಾಡುವ ಮೊದಲೇ ಸರೆಂಡರ್ ಆಗಬೇಕು, ಆಮೇಲೆ ನೆನಪಾದರೆ ಕಸ್ಟಮರ್ ಕೇರಿಗೆ ಫೋನು ಹಿಡಿದುಕೊಂಡು ಕೂರಬೇಕಾದೀತು. ಹೊಸ ಜಾಗದಲ್ಲಿ ಆಕ್ಟಿವೇಟ್ ಆದ ಮೇಲೆ ವರ್ಚುವಲ್ ಮೆಷಿನ್ನಿನ ಪ್ರೊಸೆಸರು, ನೆಟ್‌ವರ್ಕ್ ಕಾರ್ಡುಗಳ ಸೆಟ್ಟಿಂಗನ್ನು ಮುಟ್ಟಬೇಡಿ ಎಂದು ಮಗನಿಗೆ ಹೇಳಿಡಿ. ಗುರುತು ಬದಲಾದರೆ ಟ್ಯಾಲಿ ಎಜುಕೇಶನಲ್ ಮೋಡಿಗೆ, ಅಂದರೆ ಲೈಸೆನ್ಸಿಲ್ಲದ ಕಲಿಕೆಯ ಸ್ಥಿತಿಗೆ, ಇಳಿದುಬಿಡುತ್ತದೆ, ಅದೂ ಸಾಮಾನ್ಯವಾಗಿ ಜಿಎಸ್‌ಟಿ ರಿಟರ್ನಿನ ಕೊನೆಯ ದಿನವೇ. ಡೇಟಾ ಫೋಲ್ಡರಿನ ಬ್ಯಾಕಪ್ಪನ್ನು ವರ್ಚುವಲ್ ಡಿಸ್ಕಿನ ಒಳಗೆ ಇಡದೆ ಹೊರಗೆ ಪೆನ್‌ಡ್ರೈವಿನಲ್ಲಿ ಇಡಿ.